ರಸಮೇವಿಗೆ ಮೆಕ್ಕೆಜೋಳ: ಬೀಜದ ಚೀಲ ಬಿಚ್ಚುವ ಮುನ್ನ

ಹಸಿರು ಮೇವು ವರ್ಷವಿಡೀ ಒಂದೇ ಸಮ ಸಿಗುವುದಿಲ್ಲ, ಹಸುವಿನ ಹೊಟ್ಟೆಗೆ ಮಾತ್ರ ದಿನವೂ ಒಂದೇ ಸಮ ಬೇಕು. ಹೈನುಗಾರರು ರಸಮೇವಿನತ್ತ, ಅಂದರೆ ಸೈಲೇಜಿನತ್ತ, ಹೊರಳುತ್ತಿರುವುದು ಇದಕ್ಕೇ. ಗುಂಡಿ ಎಷ್ಟು ಅಗಲ ಇರಬೇಕು, ಹೊದಿಕೆ ಎಷ್ಟು ದಪ್ಪ ಇರಬೇಕು, ಕತ್ತರಿಸುವ ಯಂತ್ರ ಯಾವುದು ಎಂದು ನಾಲ್ಕಾರು ಕಡೆ ವಿಚಾರಿಸುವವರು ಬೀಜದ ಮಾತು ಬಂದಾಗ ಒಂದೇ ಪ್ರಶ್ನೆ ಕೇಳುತ್ತಾರೆ: ಎತ್ತರ ಬೆಳೆಯುವ ತಳಿ ಯಾವುದು? ಎತ್ತರದ ದಂಟನ್ನು ಹಸು ತಿನ್ನುತ್ತದೆ, ನಿಜ. ಆದರೆ ಹಾಲಾಗುವುದು ಅದರಲ್ಲಿ ಜೀರ್ಣವಾದ ಪಾಲು ಮಾತ್ರ.

ಆದ್ದರಿಂದ ತಳಿಯ ಆಯ್ಕೆಯನ್ನು ಹಿಂದಿನಿಂದ ಮುಂದಕ್ಕೆ ನೋಡುವುದು ಒಳ್ಳೆಯದು. ಹಸುವಿನ ಹೊಟ್ಟೆಗೆ ಏನು ಬೇಕು, ಅದನ್ನು ಕೆಡದಂತೆ ಇಡಲು ಗುಂಡಿಗೆ ಏನು ಬೇಕು, ಅಂಥ ಬೆಳೆ ಹೊಲದಲ್ಲಿ ಯಾವಾಗ ಸಿಗುತ್ತದೆ ಎಂದು ತಿಳಿದುಕೊಂಡು ಕೊನೆಗೆ ಬೀಜದ ಚೀಲಕ್ಕೆ ಬರೋಣ.

## ರಸಮೇವು, ಹೈಬ್ರಿಡ್ ಎಂದರೆ

ಹಸಿ ಬೆಳೆಯನ್ನು ಸಣ್ಣಗೆ ಕತ್ತರಿಸಿ, ಗಾಳಿ ಉಳಿಯದಂತೆ ತುಳಿದು, ಬಿಗಿಯಾಗಿ ಮುಚ್ಚಿಟ್ಟರೆ ಅದರಲ್ಲಿರುವ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ತಿಂದು ಹುಳಿ ಮಾಡುತ್ತವೆ. ಹುಳಿ ಹೆಚ್ಚಿ ಪಿಎಚ್ ಮೌಲ್ಯ 4ರ ಆಸುಪಾಸಿಗೆ ಇಳಿದ ಮೇಲೆ ಬೇರೆ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ. ಗಾಳಿ ಒಳಹೋಗದಷ್ಟು ಕಾಲ ಮೇವು ಹಾಗೆಯೇ ಇರುತ್ತದೆ. ಮೆಕ್ಕೆಜೋಳದಲ್ಲಿ ಸಕ್ಕರೆ ಧಾರಾಳವಾಗಿದೆ, ಹುಳಿಯನ್ನು ತಡೆದು ನಿಲ್ಲುವ ಗುಣ ಕಡಿಮೆ. ಹೀಗಾಗಿ ಅದು ರಸಮೇವಿಗೆ ಹೇಳಿ ಮಾಡಿಸಿದ ಬೆಳೆ.

ಎರಡು ಬೇರೆ ಬೇರೆ ಶುದ್ಧ ಸಾಲುಗಳನ್ನು ಕೂಡಿಸಿ ಪಡೆದ ಮೊದಲ ತಲೆಮಾರಿನ ಬೀಜವೇ ಹೈಬ್ರಿಡ್. ತಂದೆತಾಯಿ ಸಾಲುಗಳಿಗಿಂತ ಅದು ಹುಲುಸಾಗಿ ಬೆಳೆಯುತ್ತದೆ, ಹೊಲದ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ದಿನ ಹೂಬಿಡುತ್ತವೆ. ರಸಮೇವಿಗೆ ಈ ಎರಡನೆಯ ಗುಣ ತುಂಬಾ ಮುಖ್ಯ, ಏಕೆಂದರೆ ಇಡೀ ಹೊಲವನ್ನು ಒಂದೇ ಹದದಲ್ಲಿ ಕೊಯ್ಯಬೇಕು. ಆ ಬೆಳೆಯ ಕಾಳನ್ನೇ ಮರುವರ್ಷ ಬಿತ್ತಿದರೆ ಗುಣಗಳು ಚದುರಿ ಹೋಗುತ್ತವೆ: ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ, ಒಂದರ ಕಾಳು ಗಟ್ಟಿಯಾಗಿದ್ದರೆ ಪಕ್ಕದ್ದು ಇನ್ನೂ ಹಾಲುಗಾಳು. ಇಳುವರಿಯೂ ಇಳಿಯುತ್ತದೆ. ಉಳಿಸಿಟ್ಟ ಬೀಜ ಇಲ್ಲಿ ಉಳಿತಾಯವಲ್ಲ.

## ಹೊಟ್ಟೆಗೆ ಬೇಕಾದದ್ದು: ಕಾಳಿನ ಪಿಷ್ಟ, ದಂಟಿನ ನಾರು

ಚೆನ್ನಾಗಿ ತೆನೆ ಕಟ್ಟಿದ ಗಿಡವನ್ನು ಕತ್ತರಿಸಿ ಪೂರ್ತಿ ಒಣಗಿಸಿ ತೂಗಿದರೆ, ಅದರಲ್ಲಿ ಶೇ. 40ರಿಂದ 45ರಷ್ಟು ಕಾಳಿನದೇ ತೂಕ. ಉಳಿದದ್ದು ದಂಟು, ಎಲೆ, ಸಿಪ್ಪೆ, ಬೆಂಡು. ಆದರೆ ಮೇವಿನ ಒಟ್ಟು ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಕಾಳಿನಿಂದ, ಕಾಳಿನೊಳಗಿನ ಪಿಷ್ಟದಿಂದ. ಒಳ್ಳೆಯ ರಸಮೇವಿನಲ್ಲಿ ಒಣ ತೂಕದ ಶೇ. 30ರಿಂದ 35ರಷ್ಟು ಪಿಷ್ಟವಿರುತ್ತದೆ. ಅದು ಶೇ. 25ಕ್ಕಿಂತ ಕೆಳಗಿದ್ದರೆ ತೆನೆ ಸರಿಯಾಗಿ ಕಟ್ಟಲಿಲ್ಲ, ಇಲ್ಲವೇ ಕೊಯ್ಲು ಬೇಗ ಆಯಿತು ಎಂದು ತಿಳಿಯಬೇಕು. ಪ್ರೋಟೀನು ಮಾತ್ರ ಶೇ. 7ರಿಂದ 9ರಷ್ಟೇ. ಅದನ್ನು ಯಾವ ತಳಿಯೂ ಹೆಚ್ಚು ಬದಲಿಸದು, ಆ ಕೊರತೆಯನ್ನು ಹಿಂಡಿಯೋ ದ್ವಿದಳ ಮೇವೋ ತುಂಬಬೇಕು. ಹೀಗಾಗಿ ಪ್ರೋಟೀನಿನ ಅಂಕಿ ನೋಡಿ ಮೆಕ್ಕೆಜೋಳದ ತಳಿ ಆರಿಸುವುದರಲ್ಲಿ ಅರ್ಥವಿಲ್ಲ.

ನಾರಿನ ಕಥೆ ಇಷ್ಟು ನೇರವಲ್ಲ. ಪ್ರಯೋಗಾಲಯದ ವರದಿಯಲ್ಲಿ ‘ಎನ್‌ಡಿಎಫ್’ ಎಂದು ಬರುವುದೇ ಒಟ್ಟು ನಾರು. ಮೆಕ್ಕೆಜೋಳದ ರಸಮೇವಿನಲ್ಲಿ ಅದು ಸಾಮಾನ್ಯವಾಗಿ ಒಣ ತೂಕದ ಶೇ. 38ರಿಂದ 45. ಮೆಲುಕು ಹಾಕುವ ಪ್ರಾಣಿಗೆ ನಾರು ಬೇಕೇ ಬೇಕು. ಆದರೆ ನಾರು ಎಷ್ಟಿದೆ ಎನ್ನುವುದಕ್ಕಿಂತ ಅದರಲ್ಲಿ ಎಷ್ಟು ಜೀರ್ಣವಾಗುತ್ತದೆ ಎನ್ನುವುದು ದೊಡ್ಡ ಪ್ರಶ್ನೆ.

ಇಟ್ಟಿಗೆ ಗೋಡೆಯೊಂದನ್ನು ಊಹಿಸಿಕೊಳ್ಳಿ. ಇಟ್ಟಿಗೆಗಳ ನಡುವೆ ಬರೀ ಮಣ್ಣಿದ್ದರೆ ಒಂದೊಂದಾಗಿ ಕಿತ್ತು ತೆಗೆಯಬಹುದು, ಸಿಮೆಂಟು ಹಾಕಿದ್ದರೆ ಸುತ್ತಿಗೆಯೇ ಬೇಕು. ದಂಟಿನ ನಾರಿನಲ್ಲಿ ಇಟ್ಟಿಗೆಯ ಜಾಗದಲ್ಲಿರುವುದು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್. ಇವನ್ನು ರೂಮೆನ್‌ನಲ್ಲಿರುವ, ಅಂದರೆ ಹಸುವಿನ ದೊಡ್ಡ ಹೊಟ್ಟೆಯಲ್ಲಿರುವ, ಸೂಕ್ಷ್ಮಜೀವಿಗಳು ಒಡೆದು ತಿನ್ನಬಲ್ಲವು. ಸಿಮೆಂಟಿನ ಜಾಗದಲ್ಲಿರುವುದು ಲಿಗ್ನಿನ್. ಅದು ತಾನೂ ಜೀರ್ಣವಾಗದು, ತಾನು ಹಿಡಿದಿಟ್ಟ ನಾರನ್ನೂ ಜೀರ್ಣವಾಗಗೊಡದು. ದಂಟಿನ ಬುಡದಲ್ಲಿ ಲಿಗ್ನಿನ್ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ.

ಈ ಜೀರ್ಣತೆಯನ್ನು ಅಳೆಯಲು ಹಸುವಿನ ರೂಮೆನ್ ದ್ರವದಲ್ಲಿ ಮೇವಿನ ಪುಡಿಯನ್ನು 30 ಗಂಟೆ ಇಟ್ಟು, ನಾರಿನಲ್ಲಿ ಎಷ್ಟು ಕರಗಿತು ಎಂದು ನೋಡುತ್ತಾರೆ. ‘ಎನ್‌ಡಿಎಫ್ ಜೀರ್ಣತೆ’ ಅಥವಾ ‘ಎನ್‌ಡಿಎಫ್‌ಡಿ 30’ ಎಂದು ಬರೆಯುವುದು ಇದನ್ನೇ. ಸಾಮಾನ್ಯ ತಳಿಗಳಲ್ಲಿ ಇದು ಶೇ. 50ರಿಂದ 60ರ ನಡುವೆ ಆಡುತ್ತದೆ. 240 ಗಂಟೆ ಇಟ್ಟ ಮೇಲೂ ಕರಗದೆ ಉಳಿಯುವ ಭಾಗವನ್ನು ಬೇರೆಯಾಗಿ ತೋರಿಸುವ ವರದಿಗಳೂ ಇವೆ. ಅದು ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು.

ಶೇ. 52 ಮತ್ತು ಶೇ. 58ರ ನಡುವಣ ಅಂತರ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ, ಹೊಟ್ಟೆಯಲ್ಲಿ ಚಿಕ್ಕದಲ್ಲ. ಜೀರ್ಣವಾಗದ ನಾರು ರೂಮೆನ್‌ನಲ್ಲಿ ಜಾಗ ಹಿಡಿದು ಕೂರುತ್ತದೆ, ಅದು ಕರಗಿ ಮುಂದೆ ಸಾಗುವ ತನಕ ಹಸು ಮತ್ತೆ ಬಾಯಿ ಹಾಕುವುದಿಲ್ಲ. ಬೇಗ ಕರಗುವ ನಾರು ಜಾಗ ಬಿಟ್ಟುಕೊಡುವುದರಿಂದ ಹಸು ಹೆಚ್ಚು ತಿನ್ನುತ್ತದೆ. ಹಲವು ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿ 1999ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮೇವಿನ ನಾರಿನ ಜೀರ್ಣತೆಯಲ್ಲಿ 1 ಅಂಶ ಏರಿದರೆ, ಅಂದರೆ ಶೇ. 52 ಇದ್ದದ್ದು 53 ಆದರೆ, ಹಾಲು ಕೊಡುವ ಹಸು ದಿನಕ್ಕೆ ಸುಮಾರು 0.17 ಕೆ.ಜಿ. ಒಣ ಆಹಾರವನ್ನು ಹೆಚ್ಚು ತಿನ್ನುತ್ತದೆ, ಹಾಲು ಸುಮಾರು 0.25 ಕೆ.ಜಿ. ಹೆಚ್ಚುತ್ತದೆ. 6 ಅಂಶದ ಅಂತರಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು ಒಂದೂವರೆ ಕೆ.ಜಿ. ಹಾಲು. ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಈ ಪರಿಣಾಮ ಎದ್ದು ಕಾಣುತ್ತದೆ. ಹೊಟ್ಟೆ ತುಂಬುವುದೇ ಅಡ್ಡಿಯಾಗಿರದ ಬತ್ತಿದ ಹಸು, ಕಡಸುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

## ಕಾಳಿನ ಗಟ್ಟಿತನ

ಪಿಷ್ಟ ಇದ್ದರಷ್ಟೇ ಸಾಲದು, ಅದು ಹಸುವಿಗೆ ದಕ್ಕಬೇಕು. ಸಗಣಿಯಲ್ಲಿ ಹಳದಿ ಕಾಳುಗಳು ಇಡಿಯಾಗಿ ಕಾಣಿಸಿದರೆ ಅಷ್ಟು ಪಿಷ್ಟ ಹೊಟ್ಟೆಯೊಳಗೆ ಸುಮ್ಮನೆ ಪ್ರವಾಸ ಮಾಡಿ ಬಂತು ಎಂದರ್ಥ.

ಕಾಳನ್ನು ಅಡ್ಡಕ್ಕೆ ಸೀಳಿ ನೋಡಿದರೆ ಒಳಗೆ ಎರಡು ಬಗೆ ಕಾಣುತ್ತದೆ: ಬೆಳ್ಳಗೆ ಹಿಟ್ಟಿನಂತಿರುವ ಭಾಗ, ಗಾಜಿನಂತೆ ಮಿರುಗುವ ಗಟ್ಟಿ ಭಾಗ. ಗಾಜಿನಂಥ ಭಾಗದಲ್ಲಿ ಪಿಷ್ಟದ ಕಣಗಳ ಸುತ್ತ ‘ಪ್ರೋಲಮಿನ್’ ಎಂಬ ಪ್ರೋಟೀನು ದಟ್ಟವಾಗಿ ಕಟ್ಟಿಕೊಂಡಿರುತ್ತದೆ. ಈ ಪ್ರೋಟೀನು ನೀರಿನಲ್ಲಿ ಕರಗದು, ಹಾಗಾಗಿ ಸೂಕ್ಷ್ಮಜೀವಿಗಳು ಪಿಷ್ಟವನ್ನು ಮುಟ್ಟುವುದು ತಡವಾಗುತ್ತದೆ. ತಲೆಯಲ್ಲಿ ಕುಳಿ ಬೀಳುವ ‘ಡೆಂಟ್’ ಬಗೆಯ ಕಾಳಿನಲ್ಲಿ ಹಿಟ್ಟಿನ ಭಾಗ ಹೆಚ್ಚು. ಉರುಟಾಗಿ ನುಣುಪಾಗಿರುವ ‘ಫ್ಲಿಂಟ್’ ಬಗೆಯಲ್ಲಿ ಗಾಜಿನ ಭಾಗ ಹೆಚ್ಚು. ಗೋದಾಮಿನಲ್ಲಿ ಹುಳ ಹಿಡಿಯದಿರಲಿ ಎನ್ನುವವರಿಗೆ ಫ್ಲಿಂಟ್ ಇಷ್ಟವಾಗುತ್ತದೆ, ರಸಮೇವಿಗೆ ಡೆಂಟ್ ಅಥವಾ ಅದಕ್ಕೆ ಹತ್ತಿರದ ಮೆದು ಕಾಳು ಮೇಲು.

ಕಾಳು ಒಡೆಯುವ ರೋಲರ್ ಇರುವ ಕೊಯ್ಲು ಯಂತ್ರವಿದ್ದರೆ ಗಟ್ಟಿ ಕಾಳಿನ ತೊಂದರೆಯನ್ನು ಬಹುಮಟ್ಟಿಗೆ ಯಂತ್ರವೇ ನೀಗಿಸುತ್ತದೆ. ರೋಲರ್‌ಗಳ ಅಂತರ 1ರಿಂದ 3 ಮಿ.ಮೀ., ತುಂಡಿನ ಉದ್ದ 15ರಿಂದ 20 ಮಿ.ಮೀ. ಇಡುತ್ತಾರೆ. ಪಿಷ್ಟದ ಶೇ. 70ಕ್ಕಿಂತ ಹೆಚ್ಚು ಪಾಲು 4.75 ಮಿ.ಮೀ. ಜರಡಿಯಲ್ಲಿ ಕೆಳಗಿಳಿದರೆ ಕಾಳು ಚೆನ್ನಾಗಿ ಒಡೆದಿದೆ, ಶೇ. 50ಕ್ಕಿಂತ ಕಡಿಮೆ ಇಳಿದರೆ ಒಡೆದಿಲ್ಲ ಎಂದು ಪ್ರಯೋಗಾಲಯಗಳು ಹೇಳುತ್ತವೆ. ಹೊಲದಲ್ಲಿ ನೋಡಲು ಒಂದು ಲೀಟರ್ ಪಾತ್ರೆ ತುಂಬ ಮೇವು ತೆಗೆದು ಹರಡಿ: ಇಡೀ ಕಾಳು, ಅರೆಕಾಳು ಸೇರಿ ಎರಡು ಮೂರಕ್ಕಿಂತ ಹೆಚ್ಚು ಕಂಡರೆ ರೋಲರ್ ಬಿಗಿಮಾಡಬೇಕು. ರೋಲರ್ ಇಲ್ಲದ ಸಾದಾ ಚಾಫ್ ಕಟರ್‌ನಲ್ಲೇ ಕತ್ತರಿಸುವವರು ಕಾಳಿನ ಮೆದುತನಕ್ಕೆ ಹೆಚ್ಚು ಬೆಲೆ ಕೊಡಬೇಕು, ತುಂಡನ್ನು 10 ಮಿ.ಮೀ. ಆಸುಪಾಸಿಗೆ ಇಳಿಸಬೇಕು, ಕೊಯ್ಲನ್ನೂ ಸ್ವಲ್ಪ ಮುಂಚೆ ಮಾಡಬೇಕು.

ಗುಂಡಿಯಲ್ಲಿ ದಿನ ಕಳೆದಂತೆ ಆಮ್ಲ ಮತ್ತು ಬ್ಯಾಕ್ಟೀರಿಯಾಗಳು ಪ್ರೋಲಮಿನ್ ಕವಚವನ್ನು ಸ್ವಲ್ಪ ಸ್ವಲ್ಪವೇ ಒಡೆಯುತ್ತವೆ. ಮುಚ್ಚಿದ ಒಂದೇ ತಿಂಗಳಿಗೆ ತೆರೆದ ಗುಂಡಿಗಿಂತ ಮೂರು ನಾಲ್ಕು ತಿಂಗಳು ಬಿಟ್ಟು ತೆರೆದ ಗುಂಡಿಯಲ್ಲಿ ಪಿಷ್ಟ ಹೆಚ್ಚು ಜೀರ್ಣವಾಗುವುದು ಇದರಿಂದಲೇ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ತುಂಬಾ ಮೆದು ಕಾಳಿನ ತಳಿ, ನುಣ್ಣಗೆ ಒಡೆದದ್ದು, ಬಹುಕಾಲ ಇಟ್ಟದ್ದು, ಮೇಲಿಂದ ಧಾರಾಳ ಕಾಳಿನ ಹಿಟ್ಟು, ಇವೆಲ್ಲ ಒಟ್ಟಿಗೆ ಸೇರಿದರೆ ಪಿಷ್ಟ ಅತಿವೇಗದಲ್ಲಿ ಕರಗಿ ರೂಮೆನ್ ಹುಳಿಯಾಗುತ್ತದೆ. ಹಸು ಮೇವು ಬಿಡುತ್ತದೆ, ಹಾಲಿನ ಕೊಬ್ಬು ಇಳಿಯುತ್ತದೆ, ಸಗಣಿ ನೀರಾಗುತ್ತದೆ. ಮೇವಿನಲ್ಲಿ ಪಿಷ್ಟ ಹೆಚ್ಚಿದಷ್ಟು ಹಿಂಡಿ, ಕಾಳಿನ ಪ್ರಮಾಣವನ್ನು ಇಳಿಸಲೇಬೇಕು.

## ಗುಂಡಿಗೆ ಬೇಕಾದದ್ದು: ಹದವಾದ ಒಣಾಂಶ

ಮೇವಿನಿಂದ ನೀರನ್ನೆಲ್ಲ ತೆಗೆದರೆ ಉಳಿಯುವುದೇ ಒಣಾಂಶ. 100 ಕೆ.ಜಿ. ಹಸಿಮೇವಿನಲ್ಲಿ 34 ಕೆ.ಜಿ. ಉಳಿದರೆ ಒಣಾಂಶ ಶೇ. 34. ಮೆಕ್ಕೆಜೋಳದ ಇಡೀ ಗಿಡವನ್ನು ಗುಂಡಿಗೆ ಹಾಕುವಾಗ ಇದು ಶೇ. 32ರಿಂದ 38ರೊಳಗಿರಬೇಕು. ನೆಲದ ಗುಂಡಿ, ನೆಲದ ಮೇಲೆ ಗೋಡೆ ಕಟ್ಟಿ ಮಾಡಿದ ಬಂಕರ್‌ಗಳಿಗೆ ಶೇ. 32–36 ಹಿತ, ಚೀಲ ಮತ್ತು ಗೋಪುರಗಳಿಗೆ ತುಸು ಹೆಚ್ಚಿದ್ದರೂ ನಡೆಯುತ್ತದೆ.

ಶೇ. 30ಕ್ಕಿಂತ ಕಡಿಮೆಯಿದ್ದಾಗ ಮೇಲಿನ ಭಾರಕ್ಕೆ ಒದ್ದೆ ಬಟ್ಟೆ ಹಿಂಡಿದಂತೆ ಗುಂಡಿಯ ತಳದಿಂದ ರಸ ಸೋರುತ್ತದೆ. ಆ ರಸದ ಜೊತೆ ಸಕ್ಕರೆ, ಪ್ರೋಟೀನು, ಖನಿಜಗಳು ಹೊರಟು ಹೋಗುತ್ತವೆ. ಒದ್ದೆಯಲ್ಲಿ ಕ್ಲಾಸ್ಟ್ರಿಡಿಯಾ ಎಂಬ ಬ್ಯಾಕ್ಟೀರಿಯಾಗಳಿಗೂ ಅವಕಾಶ ಸಿಕ್ಕಿ, ಒಳ್ಳೆಯ ಹುಳಿವಾಸನೆಯ ಬದಲು ಬ್ಯುಟಿರಿಕ್ ಆಮ್ಲದ ಕೊಳೆತ ನಾತ ಬರುತ್ತದೆ. ಅಂಥ ಮೇವನ್ನು ಹಸು ಮೂಸಿ ಬಿಡುತ್ತದೆ. ಕಾಳೂ ಆ ಹೊತ್ತಿಗೆ ತುಂಬಿರುವುದಿಲ್ಲ. ಶೇ. 40 ದಾಟಿದರೆ ತೊಂದರೆ ಇನ್ನೊಂದು ಬಗೆಯದು: ಒಣ ದಂಟು ಸ್ಪಂಜಿನಂತೆ ಪುಟಿಯುತ್ತದೆ, ಎಷ್ಟು ತುಳಿದರೂ ನಡುವೆ ಗಾಳಿ ಉಳಿಯುತ್ತದೆ, ಮೇವು ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಕಾಳು ಕಲ್ಲಾಗಿರುತ್ತದೆ, ದಂಟಿನಲ್ಲಿ ಲಿಗ್ನಿನ್ ಬಲಿತಿರುತ್ತದೆ. ಪ್ರತಿ ಘನ ಮೀಟರಿಗೆ ಕನಿಷ್ಠ 240 ಕೆ.ಜಿ. ಒಣಾಂಶ ಕೂರುವಷ್ಟು ತುಳಿಯಬೇಕು ಎಂಬ ಗುರಿಯನ್ನು ಇಷ್ಟು ಒಣಗಿದ ಬೆಳೆಯಲ್ಲಿ ಮುಟ್ಟುವುದು ಬಹಳ ಕಷ್ಟ.

ಹದಕ್ಕೆ ಬಂದ ಬೆಳೆಯಲ್ಲಿ ಒಣಾಂಶ ದಿನಕ್ಕೆ ಸುಮಾರು ಶೇ. 0.5ರಿಂದ 0.7ರಷ್ಟು ಏರುತ್ತದೆ, ಬಿಸಿಲು ಗಾಳಿ ಜೋರಿದ್ದರೆ ಶೇ. 1ರಷ್ಟೂ ಏರೀತು. ಅಂದರೆ ಶೇ. 32ರಿಂದ 38ಕ್ಕೆ ಹೋಗುವ ಕಿಟಕಿ ಹೆಚ್ಚೆಂದರೆ ಹತ್ತು ಹನ್ನೆರಡು ದಿನ, ಬೇಸಗೆಯಲ್ಲಿ ಒಂದೇ ವಾರ.

## ಅವಧಿ: ಎಲ್ಲಕ್ಕಿಂತ ಮೊದಲ ಜರಡಿ

ಬೀಜದ ಪಟ್ಟಿಯಲ್ಲಿ ಅಲ್ಪಾವಧಿ, ಮಧ್ಯಮಾವಧಿ, ದೀರ್ಘಾವಧಿ ಎಂದೋ, ‘100 ದಿನ’, ‘115 ದಿನ’ ಎಂದೋ, ಕೆಲವು ಕಡೆ 100ರಿಂದ 900ರವರೆಗಿನ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಅಂಕಿಯೆಂದೋ ಬರೆದಿರುತ್ತದೆ. ಈ ದಿನಗಳು ಕ್ಯಾಲೆಂಡರ್ ದಿನಗಳಲ್ಲ. ಒಂದು ತಳಿ ಇನ್ನೊಂದಕ್ಕಿಂತ ಎಷ್ಟು ಮುಂಚೆ ಅಥವಾ ತಡವಾಗಿ ಬಲಿಯುತ್ತದೆ ಎನ್ನುವ ಹೋಲಿಕೆ ಅಷ್ಟೇ. ತಂಪಿನಲ್ಲಿ ಎಲ್ಲವೂ ನಿಧಾನ, ಸೆಕೆಯಲ್ಲಿ ಎಲ್ಲವೂ ಬೇಗ. ಎಫ್‌ಎಒ ಅಂಕಿಯಲ್ಲಿ 10ರ ಅಂತರವೆಂದರೆ ಬಲಿಯುವುದರಲ್ಲಿ ಸುಮಾರು ಒಂದೆರಡು ದಿನದ ಅಂತರ.

ಕಾಳಿಗಾಗಿ ಬೆಳೆಯುವವರು ತೆನೆ ಪೂರ್ತಿ ಬಲಿತು ಒಣಗುವವರೆಗೆ ಕಾಯಬೇಕು. ರಸಮೇವಿನವರು ಅದಕ್ಕಿಂತ ಸಾಕಷ್ಟು ಮೊದಲೇ ಹೊಲ ಖಾಲಿ ಮಾಡುತ್ತಾರೆ. ಈ ಬಿಡುವನ್ನು ಬಳಸಿಕೊಂಡು, ಅದೇ ಹೊಲದಲ್ಲಿ ಕಾಳಿಗೆ ಬಿತ್ತುವ ತಳಿಗಿಂತ 5ರಿಂದ 10 ದಿನ ದೀರ್ಘವಾದ ತಳಿಯನ್ನು ರಸಮೇವಿಗೆ ಬಿತ್ತಬಹುದು. ದೀರ್ಘ ತಳಿ ಹೆಚ್ಚು ಬಿಸಿಲನ್ನು ಹಿಡಿಯುತ್ತದೆ, ಹೆಚ್ಚು ಒಣಾಂಶ ಕಟ್ಟುತ್ತದೆ.

ಈ ಸಲಹೆಯನ್ನು ಅತಿಗೆ ಒಯ್ದಾಗ ಕೆಡುಕು ಶುರುವಾಗುತ್ತದೆ. ಇಪ್ಪತ್ತು ದಿನ ದೀರ್ಘವಾದ, ಆಳೆತ್ತರ ಮೀರಿ ಬೆಳೆಯುವ ತಳಿ ಹೊಲದಲ್ಲಿ ಕಣ್ಣು ತುಂಬುತ್ತದೆ. ಮಳೆಯೋ, ಹಿಮವೋ, ಮುಂದಿನ ಬೆಳೆಯ ಬಿತ್ತನೆಯೋ ಬಾಗಿಲಿಗೆ ಬಂದಾಗ ಕಾಳು ಇನ್ನೂ ಹಾಲಿನಲ್ಲಿರುತ್ತದೆ. ಆಗ ಶೇ. 26 ಒಣಾಂಶದಲ್ಲಿ ಕೊಯ್ದು ನೀರನ್ನು ಗುಂಡಿಗೆ ಸಾಗಿಸುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಬೇರೆ ಎಲ್ಲ ಗುಣಗಳಿದ್ದೂ ಸಮಯಕ್ಕೆ ಹದಕ್ಕೆ ಬಾರದ ತಳಿಯನ್ನು ಪಟ್ಟಿಯಿಂದ ಮೊದಲೇ ಹೊಡೆದು ಹಾಕಬೇಕು. ಪಿಷ್ಟ, ನಾರು ಎಲ್ಲ ಆಮೇಲಿನ ಮಾತು.

ಲೆಕ್ಕ ಹಾಕುವುದು ಹೀಗೆ. ಹೊಲ ಯಾವ ದಿನ ಖಾಲಿಯಾಗಬೇಕು ಎಂದು ಗುರುತು ಹಾಕಿ. ಜುಟ್ಟು, ಅಂದರೆ ತೆನೆಯ ತುದಿಯ ರೇಷ್ಮೆಯೆಳೆ, ಹೊರಬಂದ ಮೇಲೆ ರಸಮೇವಿನ ಹದಕ್ಕೆ ಸಾಮಾನ್ಯವಾಗಿ 40ರಿಂದ 50 ದಿನ ಬೇಕು. ಖಾಲಿಯಾಗಬೇಕಾದ ದಿನದಿಂದ ಅಷ್ಟನ್ನು ಹಿಂದಕ್ಕೆ ಎಣಿಸಿ, ಮಳೆ ಮತ್ತು ಯಂತ್ರದ ಕಾಯುವಿಕೆಗೆಂದು ಇನ್ನೊಂದು ವಾರ ಕಳೆಯಿರಿ. ಆ ದಿನಕ್ಕೆ ಜುಟ್ಟು ಬಿಡುವ ತಳಿ ನಿಮ್ಮ ಅವಧಿಯದು. ನಿಮ್ಮ ಬಿತ್ತನೆ ದಿನಕ್ಕೆ ಯಾವ ತಳಿ ಎಷ್ಟು ದಿನಕ್ಕೆ ಜುಟ್ಟು ಬಿಡುತ್ತದೆ ಎನ್ನುವುದನ್ನು ಬೀಜ ಮಾರುವವರಿಂದ ಕೇಳಿ ಪಡೆಯಲೇಬೇಕು.

ಕೊಯ್ಲಿನ ದಿನವನ್ನು ಕಾಳಿನ ಹಾಲುಗೆರೆಯಿಂದ ಅಂದಾಜು ಮಾಡುವ ರೂಢಿಯಿದೆ. ತೆನೆಯನ್ನು ನಡುವೆ ಮುರಿದು ಕಾಳಿನ ಬೆನ್ನನ್ನು ನೋಡಿದರೆ ಮೇಲಿನ ಗಟ್ಟಿ ಹಳದಿಗೂ ಕೆಳಗಿನ ಹಾಲಿನ ಭಾಗಕ್ಕೂ ನಡುವೆ ಒಂದು ಗೆರೆ ಕಾಣುತ್ತದೆ. ಅದು ಅರ್ಧದಿಂದ ಮೂರನೇ ಎರಡರಷ್ಟು ಕೆಳಗಿಳಿದಾಗ ಕೊಯ್ಲಿನ ಹೊತ್ತು. ಇಲ್ಲೂ ತಳಿ ತನ್ನ ಬುದ್ಧಿ ತೋರಿಸುತ್ತದೆ. ಕೊನೆಯವರೆಗೆ ಹಸಿರಾಗಿಯೇ ನಿಲ್ಲುವ ‘ಸ್ಟೇ ಗ್ರೀನ್’ ತಳಿಗಳಲ್ಲಿ ಕಾಳು ಬಲಿತಿದ್ದರೂ ದಂಟು ಒದ್ದೆಯಾಗಿರುತ್ತದೆ. ಹಾಲುಗೆರೆ ‘ಕೊಯ್ಯಿ’ ಎನ್ನುತ್ತದೆ, ಒಣಾಂಶ ಇನ್ನೂ ಶೇ. 30 ಮುಟ್ಟಿರುವುದಿಲ್ಲ. ದಂಟಿಗಾಗಿ ಕಾದರೆ ಕಾಳು ಕಲ್ಲಾಗುತ್ತದೆ. ಹಸಿರು ನಿಲ್ಲುವ ಗುಣ ಮಿತವಾಗಿದ್ದರೆ ವರ, ಕೊಯ್ಲಿಗೆ ನಾಲ್ಕು ದಿನ ಹೆಚ್ಚು ಸಿಗುತ್ತದೆ. ಅತಿಯಾಗಿದ್ದರೆ ಹೀಗೆ ಸಿಕ್ಕಿಹಾಕಿಸುತ್ತದೆ. ಹಾಲುಗೆರೆಯನ್ನು ಎಚ್ಚರಿಕೆಯ ಗಂಟೆಯೆಂದು ತಿಳಿದು, ತೀರ್ಮಾನವನ್ನು ಒಣಾಂಶ ಅಳೆದೇ ಮಾಡಬೇಕು.

ಅಳೆಯಲು ಅಡುಗೆಮನೆಯ ಮೈಕ್ರೋವೇವ್ ಸಾಕು. ಹೊಲದ ಬೇರೆ ಬೇರೆ ಕಡೆಯಿಂದ, ಅಂಚು ಬಿಟ್ಟು, 10 ಗಿಡ ಕೊಯ್ದು ಕತ್ತರಿಸಿ ಚೆನ್ನಾಗಿ ಬೆರೆಸಿ. ಅದರಲ್ಲಿ 100 ಗ್ರಾಂ ತೂಗಿ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಳಗೆ ಮೂಲೆಯಲ್ಲಿ ಮುಕ್ಕಾಲು ಲೋಟ ನೀರಿಡಿ. ನೀರಿಡದಿದ್ದರೆ ಒಣಗಿದ ಮೇವು ಹೊತ್ತಿಕೊಳ್ಳಬಹುದು. ಮೊದಲು 3–4 ನಿಮಿಷ, ಆಮೇಲೆ ಒಂದೊಂದು ನಿಮಿಷ, ಕೊನೆಗೆ ಅರ್ಧರ್ಧ ನಿಮಿಷ ಬಿಸಿಮಾಡಿ, ಪ್ರತಿ ಸಲ ಕೈಯಾಡಿಸಿ ತೂಗಿ. ತೂಕದ ವ್ಯತ್ಯಾಸ 1 ಗ್ರಾಂಗಿಂತ ಕಡಿಮೆಯಾದಾಗ ಉಳಿದ ತೂಕವೇ ಒಣಾಂಶದ ಶೇಕಡಾವಾರು.

## ಹಸಿ ತೂಕ ಹೇಳುವ ಅರ್ಧ ಸತ್ಯ

ಎತ್ತರದ ತಳಿಗಳ ಜಾಹೀರಾತು ಮಾತಾಡುವುದು ಹಸಿ ಟನ್ನುಗಳಲ್ಲಿ. ಒಂದು ಉದಾಹರಣೆ ಲೆಕ್ಕ ನೋಡೋಣ. ತಳಿ ‘ಅ’ ಹೆಕ್ಟೇರಿಗೆ 52 ಟನ್ ಹಸಿಮೇವು ಕೊಡುತ್ತದೆ, ಒಣಾಂಶ ಶೇ. 28, ಪಿಷ್ಟ ಶೇ. 24. ತಳಿ ‘ಆ’ ಕೊಡುವುದು 45 ಟನ್, ಒಣಾಂಶ ಶೇ. 35, ಪಿಷ್ಟ ಶೇ. 34. ‘ಅ’ದಲ್ಲಿ ಒಣಾಂಶ 14.56 ಟನ್, ‘ಆ’ದಲ್ಲಿ 15.75 ಟನ್. 7 ಟನ್ ಕಡಿಮೆ ಭಾರ ಹೊತ್ತು 1.2 ಟನ್ ಹೆಚ್ಚು ಮೇವು ತಂದಂತಾಯಿತು. ಪಿಷ್ಟಕ್ಕೆ ಬಂದರೆ ‘ಅ’ 3.5 ಟನ್, ‘ಆ’ ಸುಮಾರು 5.4 ಟನ್. ಒಣಗಿದ ಕಾಳಿನಲ್ಲಿ ಶೇ. 70ರಷ್ಟು ಪಿಷ್ಟವೆಂದು ಹಿಡಿದರೆ ಆ ಅಂತರ ಸುಮಾರು 2.7 ಟನ್ ಮೆಕ್ಕೆಜೋಳದ ಕಾಳಿಗೆ ಸಮ. ‘ಅ’ವನ್ನು ಬಿತ್ತಿದವರು ಆ ಪಿಷ್ಟವನ್ನು ಬೇರೆ ಎಲ್ಲಿಂದಲೋ ಕೊಂಡು ತರಬೇಕು.

ಹಾಗೆಂದು ಗಿಡ್ಡ ತಳಿಯೇ ಒಳ್ಳೆಯದು ಎಂದಲ್ಲ. ದಂಟು, ಎಲೆಗಳ ಒಣಾಂಶವೂ ಬೇಕು, ನಾರು ಅಲ್ಲಿಂದಲೇ ಬರಬೇಕು. ಕೇಳಬೇಕಾದದ್ದು ಹೆಕ್ಟೇರಿಗೆ ಒಣಾಂಶ ಎಷ್ಟು, ಅದರಲ್ಲಿ ಪಿಷ್ಟ ಎಷ್ಟು, ನಾರಿನ ಜೀರ್ಣತೆ ಎಷ್ಟು ಎಂದು.

ಹಸಿರು ಮೇವಿಗೆ ಒತ್ತಾಗಿ ಬಿತ್ತುವ ಅಭ್ಯಾಸವನ್ನು ರಸಮೇವಿಗೆ ತಂದರೂ ಇದೇ ನಷ್ಟ. ಒತ್ತು ಹೆಚ್ಚಿದರೆ ದಂಟು ಕಡ್ಡಿಯಾಗುತ್ತದೆ, ಅರ್ಧ ಗಿಡಗಳು ತೆನೆಯನ್ನೇ ಬಿಡುವುದಿಲ್ಲ. ರಸಮೇವಿಗೆ ಹೆಕ್ಟೇರಿಗೆ 75,000ದಿಂದ 85,000 ಗಿಡ ಹಿತ, ಅಂದರೆ 60 ಸೆಂ.ಮೀ. ಸಾಲಿನಲ್ಲಿ 20–22 ಸೆಂ.ಮೀ.ಗೆ ಒಂದು ಗಿಡ. ಕಾಳಿನ ಗಾತ್ರ ನೋಡಿಕೊಂಡು 20ರಿಂದ 25 ಕೆ.ಜಿ. ಬೀಜ ಬೇಕಾಗುತ್ತದೆ. ನೀರು ಕಡಿಮೆಯಿರುವ ನೆಲದಲ್ಲಿ ಇನ್ನೂ ವಿರಳವಾಗಿಸಬೇಕು.

## ತಳಿಗಳಲ್ಲಿ ಬಗೆಗಳು

ಮಾರುಕಟ್ಟೆಯ ಹೆಚ್ಚಿನ ತಳಿಗಳು ಇಮ್ಮುಖ ತಳಿಗಳು: ಕಾಳಿಗೂ ಆಗುತ್ತವೆ, ರಸಮೇವಿಗೂ ಆಗುತ್ತವೆ. ತೆನೆ ದಪ್ಪ, ಪಿಷ್ಟ ಹೆಚ್ಚು, ಮಳೆ ಕೈಕೊಟ್ಟರೆ ಅಥವಾ ಗುಂಡಿ ತುಂಬಿಬಿಟ್ಟರೆ ಉಳಿದ ಹೊಲವನ್ನು ಕಾಳಿಗೆ ಬಿಡುವ ಅನುಕೂಲ. ಮೊದಲ ಸಲ ರಸಮೇವು ಮಾಡುವವರಿಗೆ ಇವೇ ಸುರಕ್ಷಿತ.

‘ಲೀಫಿ’ ತಳಿಗಳಲ್ಲಿ ತೆನೆಯ ಮೇಲೆ ಮಾಮೂಲಿ ಐದಾರು ಎಲೆಗಳ ಬದಲು ಎಂಟು ಅಥವಾ ಇನ್ನೂ ಹೆಚ್ಚು ಎಲೆಗಳಿರುತ್ತವೆ. ಕಾಳು ಮೆದು, ಗಿಡ ನಿಧಾನವಾಗಿ ಒಣಗುತ್ತದೆ, ಕೊಯ್ಲಿನ ಕಿಟಕಿ ಅಗಲ. ರೋಲರ್ ಇಲ್ಲದವರು ಇವುಗಳತ್ತ ನೋಡಬಹುದು. ಪಿಷ್ಟ ಇಮ್ಮುಖ ತಳಿಗಳಷ್ಟು ಬರುವುದೇ ಎಂದು ಮಾತ್ರ ಅಂಕಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಮೂರನೆಯದು ಬಿಎಂಆರ್, ಎಲೆಯ ನಡುನರ ಕಂದುಬಣ್ಣಕ್ಕಿರುವ ತಳಿ. ಈ ರೂಪಾಂತರ ಮೆಕ್ಕೆಜೋಳದಲ್ಲಿ 1920ರ ದಶಕದಲ್ಲೇ ಕಂಡುಬಂದದ್ದು. ಲಿಗ್ನಿನ್ ತಯಾರಾಗುವ ದಾರಿಯಲ್ಲಿ ಒಂದು ಮೆಟ್ಟಿಲು ಮುರಿದಿರುವುದರಿಂದ ಗೋಡೆಯಲ್ಲಿ ಸಿಮೆಂಟು ಕಡಿಮೆ. ನಾರಿನ ಜೀರ್ಣತೆ ಸಾಮಾನ್ಯ ತಳಿಗಳಿಗಿಂತ 10 ಅಂಶದಷ್ಟು ಮೇಲಿರಬಹುದು. ಆಗಷ್ಟೇ ಕರು ಹಾಕಿದ, ಹೆಚ್ಚು ಹಾಲಿನ ಹಸುಗಳಿಗೆ ಇದರ ಲಾಭ ನಿಜವಾದದ್ದು. ಅದೇ ಸಿಮೆಂಟು ಗಿಡವನ್ನು ನೆಟ್ಟಗೆ ನಿಲ್ಲಿಸುವುದೂ ಹೌದು. ಬಿಎಂಆರ್ ಬೆಳೆ ಗಾಳಿಗೆ ಒರಗುವ ಅಪಾಯ ಹೆಚ್ಚು, ಒಣಾಂಶದ ಇಳುವರಿ ಸಾಮಾನ್ಯವಾಗಿ ಶೇ. 10–15ರಷ್ಟು ಕಡಿಮೆ, ಬರಕ್ಕೂ ರೋಗಕ್ಕೂ ಬೇಗ ಸೋಲುತ್ತದೆ. ನೆಲ ಕಡಿಮೆಯಿದ್ದು ಮೇವೇ ಸಾಲದವರಿಗೆ ಇದು ಹೊಂದದು. ಬಿತ್ತುವುದಾದರೆ ಪ್ರತ್ಯೇಕ ಗುಂಡಿಯಲ್ಲಿಟ್ಟು ಹೆಚ್ಚು ಹಾಲಿನ ಹಸುಗಳಿಗೆ ಮಾತ್ರ ಹಾಕಿದಾಗ ಬೀಜದ ಖರ್ಚು ಹುಟ್ಟುತ್ತದೆ. ಬತ್ತಿದ ಹಸು, ಬೆಳೆಯುವ ಕಡಸುಗಳಿಗೆ ಇದು ವ್ಯರ್ಥ. ಪಿಷ್ಟ ಹೆಚ್ಚಿರುವ ರಸಮೇವೂ ಅವಕ್ಕೆ ಬೊಜ್ಜು ತರುತ್ತದೆ.

ಬಿಎಂಆರ್ ಬೀಜ ಹಾಕದೆಯೂ ನಾರಿನ ಜೀರ್ಣತೆಯನ್ನು ಸ್ವಲ್ಪ ಏರಿಸಬಹುದು. 15–20 ಸೆಂ.ಮೀ. ಬದಲು 45–50 ಸೆಂ.ಮೀ. ಎತ್ತರಕ್ಕೆ ಕೊಯ್ದರೆ ಲಿಗ್ನಿನ್ ತುಂಬಿದ ಬುಡ ಹೊಲದಲ್ಲೇ ಉಳಿಯುತ್ತದೆ. ಇಳುವರಿ ಇಳಿಯುತ್ತದೆ, ಪಿಷ್ಟದ ಪಾಲು ಏರುತ್ತದೆ. ಬರದಲ್ಲಿ ಬುಡದಲ್ಲಿ ಶೇಖರವಾಗುವ ನೈಟ್ರೇಟ್ ವಿಷದ ಅಪಾಯವೂ ತಗ್ಗುತ್ತದೆ.

## ರೋಗ ಮತ್ತು ಒರಗುವಿಕೆ

ಎಲೆ ಅಂಗಮಾರಿಯೋ ತುಕ್ಕು ರೋಗವೋ ಎಲೆಗಳನ್ನು ಅಕಾಲದಲ್ಲಿ ಒಣಗಿಸಿದರೆ ಕಾಳು ತುಂಬುವುದಿಲ್ಲ, ಒಣಾಂಶ ಮಾತ್ರ ದಿಢೀರನೆ ಏರುತ್ತದೆ. ಹತ್ತು ದಿನದ ಕೊಯ್ಲಿನ ಕಿಟಕಿ ನಾಲ್ಕು ದಿನಕ್ಕೆ ಕುಗ್ಗುತ್ತದೆ. ತೆನೆ ಕೊಳೆ ಇದಕ್ಕಿಂತ ಅಪಾಯಕಾರಿ: ಅದರ ಶಿಲೀಂಧ್ರಗಳು ಹೊಲದಲ್ಲೇ ವಿಷ ತಯಾರಿಸುತ್ತವೆ, ಆ ವಿಷ ಗುಂಡಿಯ ಹುಳಿಯಲ್ಲಿ ನಾಶವಾಗುವುದಿಲ್ಲ. ದಂಟು ಕೊಳೆ ಬಂದ ಬೆಳೆ ಒರಗುತ್ತದೆ, ಒರಗಿದ್ದನ್ನು ಯಂತ್ರ ಎತ್ತುವಾಗ ಮಣ್ಣೂ ಬರುತ್ತದೆ, ಮಣ್ಣಿನೊಂದಿಗೆ ಕ್ಲಾಸ್ಟ್ರಿಡಿಯಾ ಬರುತ್ತದೆ. ನಿಮ್ಮ ಭಾಗದಲ್ಲಿ ಹೆಚ್ಚು ಕಾಡುವ ಒಂದೆರಡು ರೋಗಗಳಿಗೆ ತಾಳಿಕೊಳ್ಳುವ ತಳಿಯನ್ನೇ ತೆಗೆದುಕೊಳ್ಳಬೇಕು.

ತಾಳಿಕೆಯನ್ನು 1ರಿಂದ 9ರ ಅಂಕಗಳಲ್ಲಿ ಕೊಟ್ಟಿರುತ್ತಾರೆ. ಒಂದು ಕಂಪನಿಯಲ್ಲಿ 9 ಅತ್ಯುತ್ತಮ, ಇನ್ನೊಂದರಲ್ಲಿ 1 ಅತ್ಯುತ್ತಮ. ಪಟ್ಟಿಯ ಕೆಳಗಿನ ಸಣ್ಣಕ್ಷರ ಓದದೆ ಹೋಲಿಸಿದರೆ ಎಲ್ಲವೂ ತಲೆಕೆಳಗಾಗುತ್ತದೆ.

## ಪ್ರಯೋಗದ ಪಟ್ಟಿ ಓದುವಾಗ

ಒಂದೇ ಹೊಲ, ಒಂದೇ ವರ್ಷದ ಫಲಿತಾಂಶದಲ್ಲಿ ತಳಿಯ ಗುಣಕ್ಕಿಂತ ಆ ವರ್ಷದ ಮಳೆಯ ಗುಣವೇ ಹೆಚ್ಚಿರಬಹುದು. ಹಲವು ಸ್ಥಳಗಳಲ್ಲಿ ಕನಿಷ್ಠ ಎರಡು ವರ್ಷ ನಡೆದ ಪ್ರಯೋಗಗಳನ್ನು ನಂಬಿ. ತಳಿಗಳನ್ನು ಒಂದೇ ಪಟ್ಟಿಯೊಳಗೆ ಹೋಲಿಸಿ, ಈ ಪಟ್ಟಿಯ ಒಂದನ್ನು ಆ ಪಟ್ಟಿಯ ಇನ್ನೊಂದರ ಜೊತೆ ಹೋಲಿಸಬೇಡಿ. ಪಟ್ಟಿಯ ತಳದಲ್ಲಿ ‘ಎಲ್‌ಎಸ್‌ಡಿ’ ಎಂಬ ಅಂಕಿ ಇರುತ್ತದೆ. ಎರಡು ತಳಿಗಳ ಅಂತರ ಅದಕ್ಕಿಂತ ಕಡಿಮೆಯಿದ್ದರೆ ಆ ಅಂತರ ಆಕಸ್ಮಿಕವಾಗಿರಬಹುದು, ಎರಡನ್ನೂ ಸಮವೆಂದೇ ತಿಳಿಯಿರಿ. ಕೊಯ್ಲಿನ ದಿನದ ಒಣಾಂಶದ ಕಂಬಸಾಲನ್ನು ಮರೆಯದೆ ನೋಡಿ: ಒಂದು ತಳಿಯನ್ನು ಶೇ. 29ರಲ್ಲೂ ಇನ್ನೊಂದನ್ನು ಶೇ. 37ರಲ್ಲೂ ಕೊಯ್ದಿದ್ದರೆ ಪಿಷ್ಟದ ಹೋಲಿಕೆಗೆ ಬೆಲೆಯಿಲ್ಲ.

ಇಳುವರಿ, ಪಿಷ್ಟ, ನಾರು ಎಲ್ಲವನ್ನೂ ಒಂದೇ ಅಂಕಿಗೆ ಇಳಿಸುವ ಸೂತ್ರಗಳೂ ಇವೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ರೂಪಿಸಿದ ‘ಮಿಲ್ಕ್2006’ ಅಂಥದ್ದು. ಅದು ಟನ್ ಮೇವಿಗೆ ಎಷ್ಟು ಹಾಲು, ಎಕರೆಗೆ ಎಷ್ಟು ಹಾಲು ಎಂದು ಎರಡು ಅಂದಾಜು ಕೊಡುತ್ತದೆ. ನೆಲ ಕಡಿಮೆಯಿದ್ದವರು ಎಕರೆಯ ಅಂಕಿಯನ್ನು ನೋಡಬೇಕು. ನೆಲ ಸಾಕಷ್ಟಿದ್ದು ಗುಂಡಿ ಚಿಕ್ಕದಿದ್ದವರು, ಹೆಚ್ಚು ಹಾಲಿನ ಹಸುಗಳನ್ನು ಸಾಕಿದವರು ಟನ್ನಿನ ಅಂಕಿಯನ್ನು ನೋಡಬೇಕು.

## ನಿಮ್ಮ ಹೊಲದಲ್ಲೇ ಹೋಲಿಸಲು

ಒಂದೇ ತಳಿಗೆ ಇಡೀ ಹೊಲವನ್ನು ಒಪ್ಪಿಸಬೇಡಿ. ಜುಟ್ಟು ಬಿಡುವ ಹೊತ್ತಿಗೆ ಒಂದು ವಾರ ಬಿಸಿಗಾಳಿ ಬೀಸಿದರೆ ಪರಾಗ ಸೇರದೆ ತೆನೆ ಬೋಳಾಗುತ್ತದೆ. ಅವಧಿಯಲ್ಲಿ ನಾಲ್ಕೈದು ದಿನ ಹಿಂದುಮುಂದಾದ ಎರಡು ಮೂರು ತಳಿಗಳಿದ್ದರೆ ಎಲ್ಲವೂ ಆ ವಾರಕ್ಕೆ ಸಿಕ್ಕುವುದಿಲ್ಲ, ಕೊಯ್ಲೂ ಒಂದರ ಹಿಂದೊಂದು ಬರುತ್ತದೆ. ಹೊಸ ತಳಿಗೆ ಮೊದಲ ವರ್ಷ ಹೊಲದ ಹತ್ತನೇ ಒಂದು ಪಾಲು ಸಾಕು.

ಹೊಸದನ್ನೂ ಹಳೆಯದನ್ನೂ ಒಂದೇ ದಿನ, ಒಂದೇ ಗೊಬ್ಬರದಲ್ಲಿ, ಪಕ್ಕಪಕ್ಕದಲ್ಲಿ ಕನಿಷ್ಠ ನಾಲ್ಕು ನಾಲ್ಕು ಸಾಲು ಬಿತ್ತಿ. ಅಂಚಿನ ಸಾಲಿಗೆ ಬಿಸಿಲು ಹೆಚ್ಚು ಬೀಳುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಡುವಿನ ಎರಡು ಸಾಲುಗಳಲ್ಲಿ 5 ಮೀಟರ್ ಅಳೆದು ಕೊಯ್ದು ತೂಗಿ. 60 ಸೆಂ.ಮೀ. ಸಾಲಾದರೆ ಅದು 6 ಚದರ ಮೀಟರ್. 30 ಕೆ.ಜಿ. ತೂಗಿದರೆ ಹೆಕ್ಟೇರಿಗೆ 50 ಟನ್ ಹಸಿಮೇವು. ಅದನ್ನು ಮೈಕ್ರೋವೇವ್‌ನಲ್ಲಿ ಬಂದ ಒಣಾಂಶದಿಂದ ಗುಣಿಸಿ. ಪ್ರತಿಯೊಂದು ತಳಿಯನ್ನೂ ಅದರದೇ ಹದ ಬಂದ ದಿನ ಕೊಯ್ಯಬೇಕು, ಎರಡನ್ನೂ ಒಂದೇ ದಿನ ಕೊಯ್ದರೆ ತಡವಾಗಿ ಬಲಿಯುವುದಕ್ಕೆ ಅನ್ಯಾಯ. ಕತ್ತರಿಸಿ ಬೆರೆಸಿದ ಮೇವಿನಲ್ಲಿ ಅರ್ಧ ಕೆ.ಜಿ.ಯನ್ನು ಗಾಳಿ ಒತ್ತಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಳಿಯ ಹೆಸರು, ಜುಟ್ಟು ಬಿಟ್ಟ ದಿನ, ಕೊಯ್ದ ದಿನ ಬರೆದು, ಅಂದೇ ಪ್ರಯೋಗಾಲಯಕ್ಕೆ ಕಳಿಸಿ. ಆಗದಿದ್ದರೆ ಫ್ರೀಜರ್‌ನಲ್ಲಿಡಿ. ವರದಿಯಲ್ಲಿ ಒಣಾಂಶ, ಪಿಷ್ಟ, ಎನ್‌ಡಿಎಫ್, 30 ಗಂಟೆಯ ಎನ್‌ಡಿಎಫ್ ಜೀರ್ಣತೆ ಈ ನಾಲ್ಕನ್ನು ಕೇಳಿ ಪಡೆಯಿರಿ.